ನಿರುಪಮೆಯ ಬೆರಳುಗಳು

ಹನ್ನೊಂದನೆಯ ಬೂತಾಯಿ ಮೀನಿನ ಹೊಟ್ಟೆ ಸೀಳುತ್ತಿದ್ದಾಗ ಕಾರ್ತ್ಯಾಯನಿಗೆ ಗೇಟಿನ ಸದ್ದು ಕೇಳಿಸಿತು. ಎದ್ದು ಕೈ ತೊಳೆದುಕೊಳ್ಳಬೇಕಾದಷ್ಟು ದೊಡ್ಡವರು ಯಾರೂ ತನ್ನ ಮನೆಗೆ ಬರುವುದಿಲ್ಲವೆಂದು ಗೊತ್ತಿದ್ದರಿಂದ ಹನ್ನೆರಡನೆಯದನ್ನು ಎತ್ತಿಕೊಂಡಳು.

ಬಂದವರು ದಾಮೋದರನ್ ಮಾಷ್. ಶಾಲೆಯ ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ತ್ರಿಶ್ಶೂರಿನ ಒಂದು ಫಿಲ್ಮ್ ಸೊಸೈಟಿಯ ಕಾರ್ಯದರ್ಶಿ. ಸೀದಾ ಹಿತ್ತಿಲಿಗೆ ಬಂದು, ಮೀನಿನ ನೀರು ಸಿಡಿಯದಷ್ಟು ದೂರದಲ್ಲಿ ಮುಂಡು ಎತ್ತಿಕಟ್ಟಿ ನಿಂತರು.

"ಭಾನುವಾರ ಸನ್ಮಾನ ಇದೆ ಚೇಚಿ. ಆ ಆರು ಹೆಂಗಸರ ಸಿನಿಮಾದ ಪೋಷಕ ನಟಿಯರಿಗೆ. ನಿಮ್ಮೈದೂ ಜನಾನ ಒಟ್ಟಿಗೆ ವೇದಿಕೆಗೆ ಕರೀತೀವಿ, ಒಂದೇ ಫೋಟೋ."

"ಶಾಲೂ ಒಂದೇನಾ ಮಾಷೆ? ಐದು ಜನ ಹೊದ್ಕೋಬೋದಾ?"

"ಛೆ, ಐದು ತಂದಿದೀವಿ. ನೀವೆಲ್ಲ ನಟನೆ ಮಾಡಿದ ಹಾಗೇ ಕಾಣಲ್ಲ ಚೇಚಿ. ಪಕ್ಕದ್ಮನೆಯವರು ಬಂದು ನಿಂತ ಹಾಗಿದೆ."

ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ಗಂಟಲು ಹರಿದುಕೊಂಡು ಕಲಿತ ವಿದ್ಯೆ ಈತನ ಬಾಯಲ್ಲಿ ಪಕ್ಕದ ಮನೆಯಾಯಿತು. ಕಾರ್ತ್ಯಾಯನಿ ಕರುಳನ್ನು ಹೆಬ್ಬೆರಳಿನಿಂದ ಒಂದೇ ಎಳೆತಕ್ಕೆ ತೆಗೆದು ಒಗೆದಳು.

ಮಾಷ್ ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಿಕೆ ಬಿಚ್ಚಿ ಓದತೊಡಗಿದರು: "ಮಗಳು ಮನೆ ಬಿಟ್ಟು ಹೋದ ಮರುದಿನ ಮೀನು ಸೀಳುವ ನಿರುಪಮೆಯ ಬೆರಳುಗಳು ಅವಳ ಕಣ್ಣುಗಳಿಗಿಂತ ಹೆಚ್ಚು ಅಳುತ್ತವೆ."

ನಾಯಕಿಯಾಗಿದ್ದ ನಟಿ ನಿರುಪಮೆ ಆ ದೃಶ್ಯದ ಚಿತ್ರೀಕರಣದ ದಿನ ಮೀನಿನ ಬುಟ್ಟಿ ಕಂಡದ್ದೇ ವಾಕರಿಸುತ್ತ ವ್ಯಾನಿಗೆ ಓಡಿದ್ದಳು. ಅವಳ ಬಳೆಗಳನ್ನು ಸೋಪು ಹಚ್ಚಿ ಕಾರ್ತ್ಯಾಯನಿಯ ಕೈಗೆ ತೂರಿಸಿ, ಕೈಗಳನ್ನಷ್ಟೇ ಚಿತ್ರೀಕರಿಸಿ ಮುಗಿಸಿದ್ದರು.

"ನಿರುಪಮಾನೇ ಮುಖ್ಯ ಅತಿಥಿ," ಎಂದರು ಮಾಷ್. "ಐದೂ ಜನರ ಪರವಾಗಿ ನೀವು ಎರಡು ಮಾತಾಡ್ಬೇಕು. ಆ ಬೆರಳುಗಳಿಂದ ಏನು ಕಲಿತ್ರಿ ಅಂತ."

"ಆ ದೃಶ್ಯ ಚೆನ್ನಾಗಿ ನೋಡಿದೀರಾ ಮಾಷೆ?"

"ಒಂಬತ್ತು ಸಲ. ಹೆಬ್ಬೆರಳಿನ ಉಗುರಲ್ಲಿ ಒಂದು ಸೀಳು ಇದೆ. ಅದೊಂದಕ್ಕೇ ಅರ್ಧ ಪುಟ ಬರ್ದಿದೀನಿ. ಒಡೆದ ಮನೆಯ ಸಂಕೇತ ಅದು."

ಕಾರ್ತ್ಯಾಯನಿ ಎಡಗೈ ಎತ್ತಿ, ಉಗುರು ಸೀಳಿದ ಹೆಬ್ಬೆರಳನ್ನು ಅವರ ಮುಖದ ನೇರಕ್ಕೆ ಹಿಡಿದಳು.

"ಅಯ್ಯೋ, ಕುಯ್ಕೊಂಡ್ರಾ? ಅರಿಶಿನ ಹಚ್ಚಿ," ಎಂದು ಮಾಷ್ ಇನ್ನೊಂದು ಹೆಜ್ಜೆ ಹಿಂದೆ ಸರಿದರು.

ಅವಳಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟಿಗೂ ಎದುರಿಗಿರುವವರಲ್ಲಿ ಒಂದು ಯೋಗ್ಯತೆ ಬೇಕು. ನಿಜ ಹೇಳಿದರೆ ಈತ ಇನ್ನರ್ಧ ಪುಟ ಬರೆದಾನು, ಅಷ್ಟೆ.

"ಮಾತಾಡ್ತೀನಿ," ಎಂದಳು.

ಗೇಟು ಮುಚ್ಚಿತು. ಅವಳು ಮತ್ತೆ ಕತ್ತಿ ಹಿಡಿದಳು. ಪುಸ್ತಿಕೆಯಲ್ಲಿ ಒಂದು ಸಾಲೂ ಸಿಗದ ಉಳಿದ ನಾಲ್ವರು ಪೋಷಕ ನಟಿಯರು ನೆನಪಾದರು. ರೋಸಿಲಿ ಕ್ಯಾಮೆರಾಕ್ಕೆ ಬೆನ್ನು ಹಾಕಿ, ಭುಜ ಅಲುಗಿಸದೆ ಅತ್ತದ್ದು. ಹೋದ ಹುಡುಗಿ ತಿರುಗಿ ಬಂದಾಳೆಂದು ಐಷಾಬೀವಿ ಚಿಲಕ ಹಾಕದೆ ಬಿಟ್ಟದ್ದು. ಅದನ್ನು ನಿರ್ದೇಶಕ ಹೇಳಿಕೊಟ್ಟಿರಲಿಲ್ಲ. ದಾಕ್ಷಾಯಣಿಯ ಆ ಒಂದು ಕೆಮ್ಮು. ಮಾತೇ ಇಲ್ಲದ ಪೆಣ್ಣಮ್ಮ ಊಟದ ದೃಶ್ಯವಿಡೀ ತಟ್ಟೆಯಿಂದ ಕಣ್ಣೆತ್ತದೆ ಕೂತದ್ದು.

ಭಾನುವಾರ ಇದಿಷ್ಟನ್ನೇ, ಹೆಸರು ಹಿಡಿದು ಹೇಳುವುದು. ಬೆರಳಿನ ಮಾತೇ ಬೇಡ, ನಿರುಪಮೆಯದೂ, ತನ್ನದೂ.

"ಯಾರಮ್ಮಾ ಬಂದಿದ್ದು?" ಒಳಗಿನಿಂದ ಸೊಸೆ ಕೇಳಿದಳು.

"ಯಾರೂ ಇಲ್ಲ," ಎಂದಳು ಕಾರ್ತ್ಯಾಯನಿ, "ಪಕ್ಕದ್ಮನೆಯವರು."