ಬಾವಲಿಗಳ ನಿಲುವಂಗಿ

ಎಲ್ಲಿಂದ ಶುರು ಮಾಡುವುದು? ಸಾವಿನಿಂದ ಶುರು ಮಾಡಿದರೆ ಓದುಗರು ಮೊದಲ ಸಾಲಿಗೇ ಅಳಲು ತಯಾರಾಗುತ್ತಾರೆ. ಗಂಡನನ್ನು ಕಳೆದುಕೊಂಡ ಹಂಸಳಿಗೇ ಇನ್ನೂ ಅಳು ಬಂದಿಲ್ಲ, ಅದು ಸರಿಹೋಗುವುದಿಲ್ಲ. ಹಾಗಾಗಿ ಕರ್ಮ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಬೆಳಿಗ್ಗೆ. ಹಲಸೂರು, 1998. ನಲ್ಲಿಯಲ್ಲಿ ನೀರು ಬಂತು. ಹಂಸ ಎರಡು ಲೋಟ ಕಾಫಿ ಬೆರೆಸಿದಳು. (ಮರೆತು ಅಲ್ಲ. ಇನ್ನೊಂದು ಅತ್ತೆಗೆ.)

1.
ಗಂಡ ಸುನಿಲ್ ಶಿವಾಜಿನಗರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ. ಜೋಗುಪಾಳ್ಯದ ಮಹಡಿಮನೆಯಲ್ಲಿ ಬಾಡಿಗೆಗಿದ್ದ ಡಚ್ ಚಿತ್ರಗಾರ್ತಿ ಮಾರ್ಗಿಟ್ ತನ್ನನ್ನು ತಾನೇ ಬರೆದುಕೊಳ್ಳುತ್ತಿದ್ದಳು, ಚೀನಾದ ನೀಲಿ ರೇಷ್ಮೆ ನಿಲುವಂಗಿ ತೊಟ್ಟು. ಅದರ ತುಂಬ ಕೆಂಪು ಬಾವಲಿಗಳು. ಅವಳ ಚಿತ್ರಗಳ ಫೋಟೊ ತೆಗೆಯಲು ಹೋದ ಸುನಿಲ್ ನಿಲುವಂಗಿಯನ್ನೇ ಕೇಳಿ ತಂದ.

"ಚೀನಾದೋರಿಗೆ ಬಾವಲಿ ಅಂದ್ರೆ ಭಾಗ್ಯ ಕಣೇ. ನಾನೂ ಒಂದು ಸೆಲ್ಫ್ ಪೋರ್ಟ್ರೇಟ್ ತಗೋತೀನಿ."

"ನಾಟಕದ ಪರದೆ ಸುತ್ಕೊಂಡಂಗಿದೆ, ಗುರು," ಎಂದಿದ್ದಳು ಹಂಸ.

ಫೋಟೊ ತೆಗೆದುಕೊಳ್ಳುವ ಮೊದಲೇ, ಹಳೇ ಮದ್ರಾಸ್ ರಸ್ತೆಯಲ್ಲಿ, ಲಾರಿ.

2. (ಕೈಬಿಟ್ಟ ಡ್ರಾಫ್ಟ್)
ಸುನಿಲ್‌ಗೂ ಮಾರ್ಗಿಟ್‌ಗೂ ನಡುವೆ ಏನೋ ಇತ್ತು.
ಏನೂ ಇರಲಿಲ್ಲ. ಇದ್ದಿದ್ದರೆ ಕಥೆ ತಾನಾಗಿಯೇ ಓಡುತ್ತಿತ್ತು.

3.
ಅತ್ತೆ ಚಿಕ್ಕಮುನಿಯಮ್ಮ ಲೋಟ ಕೆಳಗಿಟ್ಟರು. "ಬಾವಲಿ ಹೊಕ್ಕಿದ್ ಮನೆ ಉಳೀತೈತಾ? ಅವನ ಬಟ್ಟೆ ಎಲ್ಲಾ ಹೋಯ್ತಲ್ಲ, ಅದ್ನೂ ಸುಟ್ಟಾಕು."

"ಅದು ಅವ್ರದಲ್ಲ ಅತ್ತೆ."

"ಮೈಮೇಲೆ ಹಾಕ್ಕಂಡ್ನೋ ಇಲ್ವೋ?"

(ಇಲ್ಲಿ ಅತ್ತೆಯನ್ನು ಕೆಟ್ಟವರನ್ನಾಗಿ ಮಾಡಹೊರಟರೆ ನನಗೇ ಗದರುತ್ತಾರೆ: "ಮಗ ನಂದು ಕಣಮ್ಮಿ. ಯಾರ್ನಾರ ಬೈಬೇಕಲ್ಲ, ಬಾವಲೀನ ಬೈತಿದೀನಿ.")

ಸುಡುವುದೋ, ವಾಪಸ್ ಕೊಡುವುದೋ? ಅವನು ತೊಟ್ಟದ್ದರಲ್ಲಿ ಉಳಿದದ್ದು ಇದೊಂದೇ. ಇಟ್ಟುಕೊಳ್ಳುತ್ತೀಯಾ ಎಂದು ಯಾರೂ ಕೇಳಲಿಲ್ಲ. ಹಂಸಳಿಗೆ ಬೇಕಾಗಿದ್ದದ್ದು ಇಟ್ಟುಕೊಳ್ಳುವುದೇ.

5.
(ನಾಲ್ಕನ್ನು ಬರೆಯಲಿಲ್ಲ. ಚೀನಾದವರಿಗೆ ಅದು ಸಾವಿನ ಅಂಕಿ ಎಂದು ಸುನಿಲ್ ಹೇಳಿದ್ದ. ತಡವಾಯಿತು, ಗೊತ್ತು.)

ಹಂಸ ನಿಲುವಂಗಿ ಹಿಡಿದು ಜೋಗುಪಾಳ್ಯದ ಮಹಡಿ ಹತ್ತಿದಳು. ಮಾರ್ಗಿಟ್‌ಳ ಕ್ಯಾನ್ವಾಸಿನಲ್ಲಿ ಮುಖ ಮುಗಿದಿತ್ತು. ಕುತ್ತಿಗೆಯ ಕೆಳಗೆ ಖಾಲಿ.

"ಕೀಪ್ ಇಟ್, ಹಂಸಾ. ಪ್ಲೀಸ್."

"ವಾಪಸ್ ಕೊಡ್ತೀನಿ ಅಂತ ಹೇಳಿ ತಂದಿದ್ರು," ಎಂದಳು ಹಂಸ. ತನ್ನ ಬಾಯಿಂದ ಅದೇಕೆ ಬಂತೋ ಅವಳಿಗೆ ತಿಳಿಯಲಿಲ್ಲ.

ಮಾರ್ಗಿಟ್ ತೊಟ್ಟುಕೊಂಡಳು. ತೋಳುಗಳು ಮುಂಗೈಯ ಅರ್ಧಕ್ಕೇ ನಿಂತವು. ಸುನಿಲ್ ಕುಳ್ಳ, ಅವನ ಅಳತೆಗೆ ಮಡಚಿ ಹೊಲಿದವಳು ಹಂಸಳೇ. ಕತ್ತರಿ ಕೇಳಿ ಇಸಿದುಕೊಂಡು, ಒಂದು ತೋಳಿನ ಹೊಲಿಗೆ ಬಿಚ್ಚಿದಳು.

ಮುಕ್ತಾಯ ಅ: ಇನ್ನೊಂದನ್ನೂ ಬಿಚ್ಚಿ, ಮನೆಗೆ ಹೋಗಿ ಅಳುತ್ತಾಳೆ. (ಅಗ್ಗ.)
ಮುಕ್ತಾಯ ಆ: ಬಾವಲಿಗಳು ಭಾಗ್ಯ ತರುತ್ತವೆ. (ಯಾರಿಗೆ?)

ಹಂಸ ಎರಡನ್ನೂ ಒಪ್ಪಲಿಲ್ಲ. ಕತ್ತರಿ ಕೆಳಗಿಟ್ಟಳು.

"ದಿ ಅದರ್ ಒನ್?"

"ಗೊತ್ತಿಲ್ಲ."

ಒಂದು ಕೈ ಬೆರಳತನಕ ಮುಚ್ಚಿ, ಇನ್ನೊಂದು ಅರ್ಧ ಮುಂಗೈ ಬರಿದಾಗಿ, ಮಾರ್ಗಿಟ್ ಹಾಗೆಯೇ ಕನ್ನಡಿಯ ಮುಂದೆ ಕೂತು ಕುಂಚ ಎತ್ತಿಕೊಂಡಳು.

ಹಂಸ ಇನ್ನೂ ಅಲ್ಲೇ ನಿಂತಿದ್ದಾಳೆ. ಅವಳನ್ನು ಅಲ್ಲಿಂದ ಹೊರಡಿಸುವ ವಾಕ್ಯ ನನಗೆ ಹೊಳೆಯುತ್ತಿಲ್ಲ.