ಬಟ್ಟೆ ಕಟ್ಟಿದ ಮರಗಳು

ತಾನಾಗಿಯೇ ಹುಟ್ಟಿದ ಕಾಡಂತೆ! ನಮ್ಮೂರಿನ ಕೋಲಾ ಕಾಯಿ ಮರಗಳ ತೋಪನ್ನು ತಾಳೆ ಎಣ್ಣೆ ಕಂಪನಿಯವರು ಹಾಗೆ ಕರೆದರು. ಯಾರದೂ ಅಲ್ಲದ ಕಾಡಾದರೆ ಪುಕ್ಕಟೆ ನುಂಗಬಹುದಲ್ಲ! ನಮ್ಮಲ್ಲಿ ಮಗು ಹುಟ್ಟಿದರೆ ಹೊಕ್ಕುಳಬಳ್ಳಿ ಹೂತು, ಅದರ ಮೇಲೆ ಕೋಲಾ ಸಸಿ ನೆಡುತ್ತೇವೆ. ಆ ಮರ ಆ ಮಗುವಿನದು. ಹಾಗೆಂದಿದ್ದಕ್ಕೆ ಮ್ಯಾನೇಜರ್ ಹಲ್ಲು ಕಿರಿದ.

ಹಳ್ಳಿ ಹಳ್ಳಿ ತಿರುಗಿ ಜನರಿಗೆ ಕಾನೂನು ತಿಳಿಸುವ ಮಾಸ್ಸಾ ಬಂದಳು. "ನೆಟ್ಟು ಬೆಳೆಸಿದ್ದು ಅಂತ ತೋರಿಸಿದ್ರೆ ನೆಲ ನಿಮ್ದೇ. ರಾಜಧಾನಿ ಫ್ರೀಟೌನಿಂದ ಅಧಿಕಾರಿ ಬರ್ತಾರೆ, ಮರಗಳಿಗೆ ಗುರುತು ಮಾಡಿಡಿ," ಎಂದಳು. ಹೆಂಗಸರೆಲ್ಲ ಉಟ್ಟು ಹಳತಾದ ಬಟ್ಟೆ ಹರಿದು ಮಕ್ಕಳ ಮರಗಳ ಬುಡಕ್ಕೆ ಕಟ್ಟಿದೆವು.

ಅದು ಅನುಕೂಲವಾದದ್ದು ಕಂಪನಿಗೆ. ಅಧಿಕಾರಿ ಬರುವ ಹಿಂದಿನ ದಿನ ಬಟ್ಟೆ ಕಟ್ಟಿದ ಮರಗಳನ್ನೇ ಹುಡುಕಿ ಹುಡುಕಿ ಉರುಳಿಸಿದರು. ಗರಗಸ ಹಿಡಿದವನು ನಮ್ಮವನೇ, ಬೊಯಿ ಅತ್ತೆಯ ಮಗ ವಾಂಡಿ, ಕಂಪನಿಯ ಕೂಲಿ. ಕೊಡಲಿ ಕಾವು ಕುಲಕ್ಕೆ ಸಾವು ಅನ್ನುವುದು ಸುಳ್ಳಲ್ಲ.

ಕಂಪನಿಯ ಮೆಷಿನ್ ಸುಡುತ್ತೇವೆಂದು ಗಂಡಸರು ಕತ್ತಿ ಹಿರಿದು ಹೊರಟರು. ಮಾಸ್ಸಾ ದಾರಿಗೆ ಅಡ್ಡ ನಿಂತಳು. "ಅವರ ಮೆಷಿನ್ ಸುಟ್ರೆ ಜೈಲಿಗೆ ಹೋಗೋರು ನೀವು. ಬುಡ ಇನ್ನೂ ಇದೆಯಲ್ಲ, ಬಟ್ಟೆ ಬಿಚ್ಬೇಡಿ!"

ಮರುದಿನ ತಾಯಂದಿರೆಲ್ಲ ತಂತಮ್ಮ ಮಕ್ಕಳ ಮರದ ಬುಡದ ಮೇಲೆ ಕೂತೆವು. ಬೊಯಿ ಅತ್ತೆ ಅಧಿಕಾರಿಗೆ, "ಇದು ನನ್ ಮಗಳು ಟೆನ್ನೆದು. ಅವಳು ತೀರ್ಕೊಂಡ್ಳು, ಇದೊಂದು ಉಳಿದಿತ್ತು," ಎಂದಳು.

"ಬುಡದ ಮೇಲೆ ಕೂತ್ರೆ ಸಾಕ್ಷಿ ಆಗುತ್ತಾ ಸರ್? ಇವೆಲ್ಲ ಕಾಡುಮರ," ಎಂದ ಮ್ಯಾನೇಜರ್. ಅವನ ನಾಲಿಗೆ ಬಿದ್ದು ಹೋಗಬಾರದಿತ್ತೇ!

ಅಧಿಕಾರಿ ಸುತ್ತ ನೋಡಿದರು. ಬಟ್ಟೆ ಕಟ್ಟಿದ ಒಂದು ಮರ ಮಾತ್ರ ನಿಂತಿತ್ತು. "ಇದನ್ಯಾಕೆ ಬಿಟ್ರಿ?"

ಮ್ಯಾನೇಜರ್ ವಾಂಡಿಯತ್ತ ತಿರುಗಿದ. ವಾಂಡಿ ತಲೆ ಎತ್ತಲಿಲ್ಲ. "ಅದು ನಂದು ಸರ್. ನನ್ ಹೊಕ್ಕುಳಬಳ್ಳಿ ಅದರಡಿ ಇದೆ. ಗರಗಸ ಇಟ್ಟೆ, ಕೈ ಬರ್ಲಿಲ್ಲ."

"ಉಳಿದವು ಯಾರ್ದು, ನೀನೇ ಹೇಳ್ಬಿಡಪ್ಪ," ಎಂದಳು ಮಾಸ್ಸಾ.

ವಾಂಡಿ ಒಂದೊಂದೇ ಬುಡ ತೋರಿಸಿ ಹೆಸರು ಹೇಳಿದ. ಒಂದೂ ತಪ್ಪಲಿಲ್ಲ. ಮ್ಯಾನೇಜರನ ಮುಖ ಇಂಗು ತಿಂದ ಮಂಗನಂತಾಯಿತು. ಇದು ಕಾಡಲ್ಲ, ಊರಿನ ನೆಲ ಎಂದು ಅಧಿಕಾರಿ ಅಲ್ಲೇ ಬರೆದುಕೊಂಡರು. ನಾವು ಗೆದ್ದೆವು.

ವಾಂಡಿ ಕಣ್ಣೊರೆಸಿಕೊಂಡು ತಾಯಿಯ ಹತ್ತಿರ ಬಂದ. ಬೊಯಿ ಅತ್ತೆ ಬುಡ ಬಿಟ್ಟು ಏಳಲಿಲ್ಲ.

"ನಿನ್ ಮರ ಅಂದ್ರೆ ಕೈ ಬರ್ಲಿಲ್ಲ. ನಿನ್ ತಂಗಿ ಮರಕ್ಕೆ ಹೆಂಗೋ ಬಂತು?"