ಎರಡು ಸಲ ದೀಪ ಮಿನುಗಿದರೆ ಲಾಂಚು ಕಾಯುತ್ತದೆ

ನಾಲಿಗೆ ಮತ್ತೆ ಅದೇ ಹಲ್ಲಿಗೆ ಹೋಗುತ್ತದೆ, ಅಲ್ಲಾಡುವ ಹಲ್ಲಿಗೆ, ಉಪ್ಪುಪ್ಪು, ಸಮುದ್ರದ್ದೋ ರಕ್ತದ್ದೋ, ಹಾಳಾಗಿ ಹೋಗಲಿ, ಲಾಂಚು ಹೊರಟರೆ ಸಾಕು — ಆಚೆ ದಡಕ್ಕೆ ಮುಕ್ಕಾಲು ಗಂಟೆ, ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ, ವಿಮಾನ ಹತ್ತಕ್ಕೆ, ಓಸ್ಲೋದಲ್ಲಿ ಅಕ್ಕ ಕಾಯುತ್ತಾಳೆ, ಇದು ತಪ್ಪಿದರೆ ಮುಂದಿನ ಲಾಂಚು ಮಧ್ಯಾಹ್ನ, ಅಷ್ಟು ಹೊತ್ತಿಗೆ ಗಂಡ ನನ್ನನ್ನು ಉಳಿಸಿರುತ್ತಾನೋ ಇಲ್ಲವೋ. ನಿನ್ನೆ ಆಲೂಗಡ್ಡೆ ಬೆಂದಿಲ್ಲ ಅಂತ ನನ್ನ ಮುಖವನ್ನು ಮೇಜಿನ ಅಂಚಿಗೆ ಬಡಿದ, ಆಮೇಲೆ ಅದೇ ಆಲೂಗಡ್ಡೆ ತಿಂದ, ಉಪ್ಪು ಕೊಡು ಸಿಗ್ನೆ ಅಂದ, ಕೊಟ್ಟೆ, ಕೊಟ್ಟೆನಲ್ಲ, ಥೂ — ಬಾಯಿಗೇನಾಯ್ತು ಅಂತ ಒಡ್ವಾರ್ ಕೇಳುತ್ತಾನೆ, ನಲವತ್ತು ವರ್ಷದಿಂದ ಲಾಂಚು ನಡೆಸುವ ಮುದುಕ, ಮೆಟ್ಟಿಲ ಮೇಲಿನ ಹಿಮಕ್ಕೆ ಜಾರಿದೆ ಅನ್ನುತ್ತೇನೆ, ಮತ್ತೆ ಜಾರಿದ್ಯಾ, ಮೆಟ್ಟಿಲಿಗೆ ಮರಳು ಹಾಕೋಕೆ ಹಾಲ್ವರ್‌ಗೆ ಹೇಳಬಾರದಾ, ಗಂಡ ಅಂತ ಇರೋದು ಯಾಕೆ ಮತ್ತೆ. ನಗುತ್ತೇನೆ, ತುಟಿ ಹರಿಯುತ್ತದೆ, ಚೀಲದಲ್ಲಿ ಮೀನು ಸೀಳುವ ಚಾಕು ಇದೆ, ಬಟ್ಟೆ ಮರೆತು ಚಾಕು ತಂದಿದ್ದೇನೆ, ಒಡ್ವಾರ್ ಸನ್ನೆಕೋಲಿಗೆ ಕೈ ಹಾಕಿದ, ಕಾರು ಹತ್ತಿಸುವ ಹಲಗೆ ಮೇಲೆತ್ತಬೇಕು, ಎತ್ತು, ಎತ್ತೋ — ಆಗ ಗುಡ್ಡದ ತಿರುವಿನಲ್ಲಿ ಕಾರಿನ ಎರಡು ದೀಪ, ಆರಿ ಹತ್ತಿದವು, ಮತ್ತೆ ಆರಿ ಹತ್ತಿದವು.

ಎರಡು ಸಲ ಮಿನುಗಿದರೆ ಲಾಂಚು ಕಾಯಬೇಕು, ನಮ್ಮ ದ್ವೀಪದಲ್ಲಿ ಇದನ್ನು ಯಾರೂ ಮೀರಿಲ್ಲ, ಹೆರಿಗೆ ನೋವಿನವಳಿಗೂ ಕಾದಿದೆ, ಕುಡಿದವನಿಗೂ ಕಾದಿದೆ, ಮಿನುಗಿಸಿದ ಮೇಲೆ ಇಳಿಜಾರಿನಲ್ಲಿ ಯಾರೂ ಬ್ರೇಕು ಮುಟ್ಟುವುದಿಲ್ಲ, ಹಲಗೆ ಕೆಳಗೇ ಇರುತ್ತದೆ, ನೇರ ಒಳಕ್ಕೆ. ಹಾಲ್ವರನ ಕಾಲು ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿದ ದಿನ ಮಿನುಗಿಸಿದ್ದು ನಾನೇ, ಅವನ ರಕ್ತ ನನ್ನ ಮಡಿಲು ತುಂಬ, ಸಾಯಬೇಡ ಸಾಯಬೇಡ ಅಂತ ಅತ್ತೆ, ಯಾಕೆ ಅತ್ತೆನೋ ದರಿದ್ರದವಳು. ಒಡ್ವಾರ್ ಸನ್ನೆಕೋಲು ಬಿಟ್ಟ. ಹಾಲ್ವರ್ ಕಣೇ, ನಿನ್ನ ಕಳಿಸಿಕೊಡೋಕೆ ಬರ್ತಿದ್ದಾನೆ, ತಡಿ. ಚಾಕುವಿನ ಹಿಡಿ ಕೈಗೆ ಸಿಕ್ಕಿದೆ, ಕಿವಿಯ ಕೆಳಗೆ, ಮೀನಿನ ಕಿವಿರು ಇರುವ ಕಡೆ, ಒಂದೇ ಎಳೆತ, ನನಗೆ ಗೊತ್ತು ಹೇಗೆ ಅಂತ, ಕಾರಿನಿಂದ ಇಳಿಯುವಷ್ಟರಲ್ಲಿ — ಬೇಡ, ವಿಮಾನ ಹತ್ತಕ್ಕೆ. ಅಂಗಿಯ ತೋಳು ಮೇಲಕ್ಕೆಳೆದೆ, ಮೊಣಕೈವರೆಗೆ ನೀಲಿ, ಹಳದಿ, ಐದೂ ಬೆರಳಿನ ಗುರುತು. ಒಡ್ವಾರ್ ನೋಡಿದ. ಹಿಮ ಅಲ್ಲ ಇದು, ಅಂದ, ಕೇಳಿದ್ದಲ್ಲ, ಸುಮ್ಮನೆ ಅಂದ, ಸನ್ನೆಕೋಲು ಎಳೆದ, ಹಲಗೆ ಕಿರುಗುಟ್ಟುತ್ತ ಎದ್ದಿತು, ನಡುವೆ ಕಪ್ಪು ನೀರು ಅಗಲವಾಯಿತು, ಒಂದು ಮಾರು, ನಾಲ್ಕು ಮಾರು, ಇಳಿಜಾರಿನಲ್ಲಿ ಅವನು ಬರುತ್ತಲೇ ಇದ್ದ, ವೇಗ ತಗ್ಗಿಸದೆ, ಮಿನುಗಿಸಿದ ಮೇಲೆ ಲಾಂಚು ಎಂದಾದರೂ ಹೊರಟುಹೋಗುತ್ತದೆಯೇ, ಕೊನೆಗೆ ಬ್ರೇಕು ಹಾಕಿದ, ಹಿಮದ ಮೇಲೆ ಚಕ್ರ ಕಿರುಚಿತು, ಕಾರು ದಕ್ಕೆಯ ಕಟ್ಟೆಯಂಚು ದಾಟಿ ಮೂತಿ ಮುಂದಾಗಿ ಬಿತ್ತು, ನೀರು ನನ್ನ ಮುಖದವರೆಗೂ ಎಗರಿತು, ಉಪ್ಪು, ಹಲ್ಲಿಗೆ ಉರಿ. ತಿರುಗಿಸಲಾ ಸಿಗ್ನೆ, ಬೇಗ ಹೇಳು, ಒಡ್ವಾರ್ ಚುಕ್ಕಾಣಿ ಹಿಡಿದಿದ್ದಾನೆ, ಮುಕ್ಕಾಲು ಗಂಟೆ, ಬಸ್ಸು ಒಂದು ಗಂಟೆ, ವಿಮಾನ ಹತ್ತಕ್ಕೆ, ಹೇಳು ಅನ್ನುತ್ತಾನೆ, ನೀರಿನಡಿ ದೀಪ ಎರಡೂ ಉರಿಯುತ್ತಿವೆ, ಹಸಿರಾಗಿ, ಇಳಿಯುತ್ತ, ಆರಿ ಹತ್ತಿದವು — ಮತ್ತೆ ಆರಿ ಹತ್ತಿದವು —